ಅಪ್‌ಡೇಟ್: ಭಾರವಿಲ್ಲದಿದ್ದರೂ ಏರುತ್ತಿದ್ದ ಫೈಬರ್ ಸೆನ್ಸರ್ ರೀಡಿಂಗ್

ಉಕ್ಕಿನ ತೊಲೆಗೆ ಅಂಟಿಸಿದ ಫೈಬರ್ ಬ್ರ್ಯಾಗ್ ಗ್ರೇಟಿಂಗ್ ಸೆನ್ಸರ್ (ಒಂದು ನಿರ್ದಿಷ್ಟ ತರಂಗಾಂತರದ ಬೆಳಕನ್ನಷ್ಟೇ ಹಿಂದಿರುಗಿಸುವ ಗಾಜಿನ ಎಳೆ; ಎಳೆದರೆ ಅಥವಾ ಬಿಸಿಯಾದರೆ ಆ ತರಂಗಾಂತರ ಸರಿಯುತ್ತದೆ), ಯಾವ ಭಾರವೂ ಇಲ್ಲದಿರುವಾಗಲೂ ಮಧ್ಯಾಹ್ನದ ಹೊತ್ತಿಗೆ ಸ್ಟ್ರೇನ್ (ಎಳೆತದಿಂದ ಉದ್ದ ಹಿಗ್ಗುವ ಪ್ರಮಾಣ) ಏರಿದಂತೆ ತೋರಿಸುವುದೇಕೆ ಎಂದು ಕೇಳಿದ್ದೆ. ಸಮಸ್ಯೆ ಈಗ ಬಗೆಹರಿದಿದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಫೈಬರ್‌ನ ಕನೆಕ್ಟರ್ ಒರೆಸಿ ಎಂಬ ಸಲಹೆಯಿಂದ ಸಿಗ್ನಲ್ ಬಲವಾಯಿತೇ ಹೊರತು ಏರಿಳಿತ ಹಾಗೆಯೇ ಉಳಿಯಿತು. ಅದು ಸಹಜವೇ, ಏಕೆಂದರೆ ಈ ಸೆನ್ಸರ್ ಅಳೆಯುವುದು ಬೆಳಕಿನ ತೀವ್ರತೆಯನ್ನಲ್ಲ, ತರಂಗಾಂತರವನ್ನು. ರೀಡಿಂಗ್‌ಗಳ ಸರಾಸರಿ ತೆಗೆಯುವ ಸಲಹೆಯೂ ಫಲಿಸಲಿಲ್ಲ.

ಪಕ್ಕದಲ್ಲಿ ಎಳೆತವಿಲ್ಲದ ಮತ್ತೊಂದು ಗ್ರೇಟಿಂಗ್ ಇಟ್ಟು ಅದರ ರೀಡಿಂಗ್ ಕಳೆಯಿರಿ ಎಂಬ ಸಲಹೆ ಅರೆಬರೆ ಕೆಲಸ ಮಾಡಿತು. ಏರಿಳಿತಕ್ಕೆ ಕಾರಣ ತಾಪಮಾನ: 1550 ನ್ಯಾನೋಮೀಟರ್ ಆಸುಪಾಸಿನಲ್ಲಿ, ಯಾವುದಕ್ಕೂ ಅಂಟಿಸದ ಬಿಡಿ ಗ್ರೇಟಿಂಗ್‌ನ ತರಂಗಾಂತರ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 10 ಪಿಕೋಮೀಟರ್ ಸರಿಯುತ್ತದೆ. ಒಂದು ಮೈಕ್ರೋಸ್ಟ್ರೇನ್‌ಗೆ (ಉದ್ದದ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ಹಿಗ್ಗುವಿಕೆಗೆ) ಸರಿಯುವುದು ಸುಮಾರು 1.2 ಪಿಕೋಮೀಟರ್ ಮಾತ್ರ. ಆದರೆ ಉಕ್ಕಿಗೆ ಅಂಟಿದ ಗ್ರೇಟಿಂಗ್ ಉಕ್ಕಿನ ಹಿಗ್ಗುವಿಕೆಯನ್ನೂ ಹೊರಬೇಕಾದ್ದರಿಂದ ಅದರ ಸರಿತ ಇದರ ಎರಡು ಪಟ್ಟಿಗೂ ಮೀರುತ್ತದೆ. ಆದ್ದರಿಂದಲೇ, ಅದೇ ಉಕ್ಕಿನ ಬಿಡಿ ತುಂಡೊಂದಕ್ಕೆ ಎರಡನೆಯ ಗ್ರೇಟಿಂಗನ್ನು ಅಂಟಿಸಿ, ತೊಲೆಯ ಮಗ್ಗುಲಲ್ಲಿ ಅದೇ ಬಿಸಿಲಿಗೆ ಒಡ್ಡಿರಿ ಎಂದವರ ಮಾತು ಗೆದ್ದಿತು: ಈಗ ಗ್ರಾಫ್ ದಿನವಿಡೀ ಬಹುತೇಕ ಸಮತಟ್ಟಾಗಿದೆ.

ನಾನು ಊಹಿಸದೇ ಇದ್ದದ್ದು ತೇವಾಂಶದ ಪಾತ್ರ. ಫೈಬರ್‌ನ ಮೇಲಿರುವ ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ ಲೇಪನವು ಗಾಳಿಯ ತೇವವನ್ನು ಹೀರಿ ಉಬ್ಬಿ, ಒಳಗಿನ ಗಾಜನ್ನು ತುಸು ಎಳೆಯುತ್ತದೆ. ಮಳೆಯ ದಿನ ತಾಪಮಾನ ಬದಲಾಗದಿದ್ದರೂ ಬಿಡಿ ಗ್ರೇಟಿಂಗ್ ಸರಿದದ್ದು ಇದರಿಂದಲೇ. ಆದ್ದರಿಂದ ಎರಡಕ್ಕೂ ಒಂದೇ ಬಗೆಯ ಲೇಪನವಿರುವ ಫೈಬರನ್ನೇ ಬಳಸಿ, ಮೇಲೆ ನೀರು ತಡೆಯುವ ಸೀಲಂಟ್ ಹಚ್ಚಿದ್ದೇನೆ.