ಕಾಡುಕುರಿಗೆ ಆರೇ ಕ್ರೋಮೋಸೋಮ್ ಎಂದರೆ ನಂಬುವುದು ಹೇಗೆ?

ತೋಟದಮನೆ:
ನಮ್ಮ ಅಡಿಕೆ ತೋಟ ತೀರ್ಥಹಳ್ಳಿ ಕಡೆ. ಕತ್ತಲಾಗುವ ಹೊತ್ತಿಗೆ ಮೇಲಿನ ಬ್ಯಾಣದಲ್ಲಿ ಕಾಡುಕುರಿ ಎಂಬ ಪುಟ್ಟ ಜಿಂಕೆ ಬೊಗಳಲು ಶುರುಮಾಡುತ್ತದೆ. ಅದಕ್ಕೆ ಉತ್ತರ ಕೊಟ್ಟು ಕೊಟ್ಟು ನಮ್ಮ ನಾಯಿ ಸೋತಿದೆ. ಮೊನ್ನೆ ಬಿ.ಎಸ್ಸಿ. ಓದುವ ಮಗಳು ಆ ಕೂಗು ಕೇಳಿ, "ಅಪ್ಪ, ಸಸ್ತನಿಗಳಲ್ಲೇ ಅತಿ ಕಡಿಮೆ ಕ್ರೋಮೋಸೋಮ್, ಅಂದರೆ ಕೋಶದೊಳಗೆ ಜೀನ್ ಹೊತ್ತ ಎಳೆಗಳು, ಇರುವುದು ಇದಕ್ಕೆ. ಹೆಣ್ಣಿಗೆ ಆರು, ಗಂಡಿಗೆ ಏಳು" ಎಂದಳು. ಮನುಷ್ಯನಿಗೆ 46, ದನಕ್ಕೆ 60. ಇದರ ದಾಯಾದಿಯಾದ ಚೀನಾದ ಕಾಡುಕುರಿಗೂ 46 ಅಂತೆ. ಹಾಗಾದರೆ ನಮ್ಮದರ ಉಳಿದ 40 ಎಲ್ಲಿ ಹೋದವು? ಗಂಡಿಗೆ ಒಂದು ಹೆಚ್ಚು ಏಕೆ?

ಗಾಜಿನಪಟ್ಟಿ:
ಮಗಳು ಗೆದ್ದಳು, ಒಪ್ಪಿಕೊಂಡುಬಿಡಿ. 1970ರಲ್ಲೇ ವುರ್‌ಸ್ಟರ್ ಮತ್ತು ಬೆನಿರ್ಷ್ಕೆ ಎಂಬ ವಿಜ್ಞಾನಿಗಳು ಇದನ್ನು ಪ್ರಕಟಿಸಿದ್ದಾರೆ. ನಾನು ಹಲವು ವರ್ಷ ಪ್ರಯೋಗಾಲಯದಲ್ಲಿ ಕ್ರೋಮೋಸೋಮ್ ಸ್ಲೈಡ್ ಮಾಡಿದವಳು. ಮನುಷ್ಯನ ಕೋಶದಲ್ಲಿ 46 ಎಣಿಸುವಷ್ಟರಲ್ಲಿ ಒಂದರ ಮೇಲೊಂದು ಬಿದ್ದು ಲೆಕ್ಕ ತಪ್ಪುತ್ತದೆ. ಕಾಡುಕುರಿಯ ಕೋಶಕ್ಕೆ ಜೀಮ್ಸಾ ಬಣ್ಣ ಹಾಕಿ ನೋಡಿದ ಮೊದಲ ದಿನ ನಕ್ಕುಬಿಟ್ಟೆ. ಸಾಂಬಾರಿನಲ್ಲಿ ನುಗ್ಗೆಕಾಯಿ ತುಂಡುಗಳು ತೇಲಿದ ಹಾಗೆ ದಪ್ಪ ದಪ್ಪನೆಯ ಆರೇ ಆರು!

40 ಎಲ್ಲಿಯೂ ಹೋಗಿಲ್ಲ, ಒಂದಕ್ಕೊಂದು ಅಂಟಿಕೊಂಡಿವೆ. ಹಲವು ಸರ್ವೆ ನಂಬರುಗಳನ್ನು ಸೇರಿಸಿ ಒಂದು ಮಾಡಿದರೆ ಪಹಣಿಯ ಹಾಳೆ ಕಡಿಮೆಯಾಗುತ್ತದೆ, ಜಮೀನು ಕಡಿಮೆಯಾಗುವುದಿಲ್ಲ. ಜಿಂಕೆಗಳ ಪೂರ್ವಜನಿಗೆ 70, ಅಂದರೆ 35 ಜೋಡಿ ಇದ್ದವು. ಎರಡೂ ಕಾಡುಕುರಿಗಳು ಬೇರೆಯಾಗುವ ಮೊದಲೇ ಆರು ಬೆಸುಗೆಗಳಾಗಿ 29 ಜೋಡಿ ಉಳಿದವು. ಬೇರೆಯಾದ ಮೇಲೆ ನಮ್ಮದರಲ್ಲಿ ಇನ್ನೂ 26 ಬೆಸುಗೆ. ಉಳಿದದ್ದು ಮೂರು ಜೋಡಿ. ಜೀನ್‌ಗಳು ಮಾತ್ರ ಬಹುಮಟ್ಟಿಗೆ ಹಳೆಯ ಸಾಲಿನಲ್ಲೇ ನಿಂತಿವೆ. ಬದು ಒಡೆದು ಗದ್ದೆ ಸೇರಿಸಿದರೂ ಬದು ಇದ್ದ ಜಾಗ ಗೊತ್ತಾಗುತ್ತದಲ್ಲ, ಹಾಗೆ ಬೆಸುಗೆಯ ಜಾಗಗಳಲ್ಲಿ ಹಳೆಯ ಸೆಂಟ್ರೋಮಿಯರಿನ (ಕೋಶ ಒಡೆಯುವಾಗ ಕ್ರೋಮೋಸೋಮನ್ನು ಹಿಡಿದೆಳೆಯುವ ಗಂಟು) ಡಿಎನ್‌ಎ ತುಣುಕುಗಳು ಈಗಲೂ ಸಿಗುತ್ತವೆ. ಮನುಷ್ಯರಾದ ನಮ್ಮ ಎರಡನೆಯ ಕ್ರೋಮೋಸೋಮ್ ಕೂಡ ಹೀಗೆಯೇ ಆದದ್ದು. ಚಿಂಪಾಂಜಿಯಲ್ಲಿ ಅದು ಎರಡು ಬೇರೆ ಬೇರೆ ಕ್ರೋಮೋಸೋಮ್, ಆದ್ದರಿಂದ ಅದಕ್ಕೆ 48.

ಗಂಡಿನ ಏಳರ ಗುಟ್ಟು: ಲಿಂಗ ತೀರ್ಮಾನಿಸುವ ಎಕ್ಸ್ ಕ್ರೋಮೋಸೋಮ್ ಹೋಗಿ ಮೂರನೆಯದಕ್ಕೆ ಅಂಟಿದೆ. ಹೆಣ್ಣಿಗೆ ಅಂಥವು ಎರಡು. ಗಂಡಿಗೆ ಅಂಥದು ಒಂದು, ಅಂಟದ ಮೂರನೆಯದು ಒಂದು, ಮೇಲೆ ಪುಟಾಣಿ ವೈ ಒಂದು.

ಎಮ್ಮೆಡಾಕ್ಟರ್:
ಇಷ್ಟು ದೂರ ಹೋಗಬೇಕಿಲ್ಲ, ಕೊಟ್ಟಿಗೆಯಲ್ಲೇ ಉದಾಹರಣೆ ಇದೆ. ಮುರ್ರಾ, ಧಾರವಾಡಿ ಎಮ್ಮೆಗಳಿಗೆ 50. ಚೀನಾ, ಥಾಯ್ಲೆಂಡಿನ ಗದ್ದೆ ಉಳುವ ಎಮ್ಮೆಗಳಿಗೆ 48, ಒಂದು ಬೆಸುಗೆಯ ವ್ಯತ್ಯಾಸ. ಮಿಶ್ರ ಕರುವಿಗೆ 49, ಅದೂ ಬೆಳೆದು ಕರು ಹಾಕುತ್ತದೆ. ದನಗಳಲ್ಲಿ 1 ಮತ್ತು 29ನೆಯ ಕ್ರೋಮೋಸೋಮ್‌ಗಳು ಅಂಟಿಕೊಳ್ಳುವುದನ್ನು ಸ್ವೀಡನ್ನಿನ ಗುಸ್ಟಾವ್ಸನ್ 1964ರಲ್ಲಿ ಕಂಡರು. ಹಸು ಹೊರಗಿನಿಂದ ಪೂರ್ತಿ ಆರೋಗ್ಯವಂತ, ಗಬ್ಬ ನಿಲ್ಲುವುದು ಮಾತ್ರ ಸ್ವಲ್ಪ ಕಡಿಮೆ. ಹಿಂಡು ಚಿಕ್ಕದಾಗಿದ್ದರೆ ಇಂಥ ಸಣ್ಣ ದೋಷ ಅದೃಷ್ಟದ ಬಲದಿಂದಲೇ ಹಿಂಡಿನ ತುಂಬ ಹರಡಿಬಿಡಬಹುದು.

ತೋಟದಮನೆ:
ಬದುವಿನ ಮಾತು ತಲೆಗೆ ಹತ್ತಿತು. ಆದರೆ ಡಾಕ್ಟರೇ, ಕುದುರೆಗೆ 64, ಕತ್ತೆಗೆ 62, ಹೇಸರಗತ್ತೆಗೆ 63. ಅದೂ ಒಂದೇ ಹೆಚ್ಚುಕಡಿಮೆ. 49ರ ಎಮ್ಮೆ ಕರು ಹಾಕುತ್ತದೆ, ಹೇಸರಗತ್ತೆ ಏಕೆ ಬಂಜೆ?

ಎಮ್ಮೆಡಾಕ್ಟರ್:
ಎಣಿಕೆ ನೋಡಿ ಮೋಸಹೋಗಬೇಡಿ. ಎಮ್ಮೆಗಳಲ್ಲಿ ಬದಲಾದದ್ದು ಒಂದೇ ಕಡೆ. ಅಂಡಾಣು ತಯಾರಾಗುವಾಗ ಅಂಟಿದ ಒಂದರ ಪಕ್ಕ ಅಂಟದ ಎರಡು ಹೇಗೋ ಹೊಂದಿಕೊಂಡು ನಿಲ್ಲುತ್ತವೆ. ಕುದುರೆ ಕತ್ತೆಗಳಲ್ಲಿ ಎಷ್ಟೋ ಕ್ರೋಮೋಸೋಮ್‌ಗಳು ಮುರಿದು, ತಿರುಗಿ, ಬೇರೆ ಬೇರೆ ರೀತಿ ಅಂಟಿವೆ. ಜೋಡಿ ಹುಡುಕುವ ಹೊತ್ತಿಗೆ ಹಲವಕ್ಕೆ ಸರಿಯಾದ ಜೊತೆ ಸಿಗುವುದಿಲ್ಲ. ಚೀನಾದ ಕುನ್ಮಿಂಗಿನಲ್ಲಿ ನಿಮ್ಮ ಕಾಡುಕುರಿಯನ್ನು ಅದರ 46ರ ದಾಯಾದಿಯ ಜೊತೆ ಕೂಡಿಸಿದ್ದರು. 27 ಕ್ರೋಮೋಸೋಮಿನ ಮರಿ ಜೀವಂತವಾಗಿ ಹುಟ್ಟಿ ಬೆಳೆಯಿತು, ಅದಕ್ಕೆ ಮರಿಯಾಗಲಿಲ್ಲ.