ತಾಪಾಸ್ ಹೋಟೆಲಿನಲ್ಲಿ ಆರು ಜನಕ್ಕೆ ಎಷ್ಟು ತಟ್ಟೆ ಹೇಳಬೇಕು?

ಪ್ರಶ್ನೆ (ದಾವಣಗೆರೆಯಿಂದ):
ನಮಸ್ಕಾರ. ಮಗಳ ಒತ್ತಾಯಕ್ಕೆ ನಾವು ಆರು ಜನ ಬೆಂಗಳೂರಿನಲ್ಲಿ ಸ್ಪೇನ್ ದೇಶದ ತಾಪಾಸ್ ಬಡಿಸುವ ಹೋಟೆಲೊಂದಕ್ಕೆ ಹೋಗಿದ್ದೆವು. ತಲೆಗೊಂದರಂತೆ ಆರು ಬಗೆ ಹೇಳಿದೆವು. ಅವು ಒಟ್ಟಿಗೆ ಬಾರದೆ, ಅಂಗೈಯಗಲದ ತಟ್ಟೆಗಳಲ್ಲಿ ಒಂದಾದ ಮೇಲೊಂದರಂತೆ ಬಂದುದರಿಂದ, ಒಬ್ಬರು ತಿನ್ನುವಾಗ ಐವರು ಅವರ ಮುಖ ನೋಡುತ್ತ ಕೂರುವಂತಾಯಿತು. ಹಂಚಿಕೊಳ್ಳೋಣವೆಂದರೆ ನಮ್ಮ ಮಾವನವರು ಎಂಜಲೆಂದು ಮುಟ್ಟಲಿಲ್ಲ. ಮುಂದಿನ ತಿಂಗಳು ಮತ್ತೆ ಹೋಗುವ ಮಾತಿದೆ. ಅಲ್ಲಿನ ಕ್ರಮವೇನು? ಮೊಟ್ಟೆಯನ್ನೂ ತಿನ್ನದ ನಮಗೆ ಏನು ಸಿಗುತ್ತದೆ?

ಉತ್ತರ 1:
ಕೆಲಸದ ಮೇಲೆ ಎರಡು ವರ್ಷ ಮ್ಯಾಡ್ರಿಡ್‌ನಲ್ಲಿದ್ದೆ. ತಾಪಾ ಎಂದರೆ ಸ್ಪ್ಯಾನಿಷ್‌ನಲ್ಲಿ ಮುಚ್ಚಳ. ಪಾನೀಯದ ಲೋಟದ ಮೇಲೆ ಬ್ರೆಡ್ಡಿನ ತುಂಡನ್ನೋ ಮಾಂಸದ ಹೋಳನ್ನೋ ಮುಚ್ಚಿ ಕೊಡುತ್ತಿದ್ದುದರಿಂದ ಆ ಹೆಸರು ಬಂತೆಂದು ಹೇಳುತ್ತಾರೆ. ಅಲ್ಲಿ ರಾತ್ರಿಯೂಟ 9 ಗಂಟೆಯ ನಂತರವೇ ಆಗುವುದರಿಂದ, ಅದಕ್ಕೆ ಮುಂಚೆ ನಾಲ್ಕು ಜನ ಸೇರಿ ಬಾಯಾಡಿಸುವ ತಿನಿಸು ಇದು. ಸ್ಪೇನಿನ ಗ್ರನಾಡಾ ನಗರದಲ್ಲಿ ಪಾನೀಯದ ಜೊತೆ ಒಂದು ತಾಪಾ ಪುಕ್ಕಟೆಯಾಗಿಯೇ ಬರುತ್ತದೆ. ನಮ್ಮಲ್ಲಿ ಸಂಜೆ ಮಂಡಕ್ಕಿ, ಮಿರ್ಚಿ ಹೇಳಿದಾಗ ಇದು ನನ್ನ ತಟ್ಟೆ, ಅದು ನಿನ್ನ ತಟ್ಟೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲವಲ್ಲ, ಹಾಗೆಯೇ ಇಲ್ಲಿಯೂ ಪ್ರತಿ ಬಗೆಯೂ ಮೇಜಿನ ನಡುವೆ ಎಲ್ಲರಿಗೂ ಸೇರಿದ್ದು. ಮೊದಲು ನಾಲ್ಕೈದು ಬಗೆ ಹೇಳಿ, ಹಸಿವು ನೋಡಿಕೊಂಡು ಮತ್ತೆ ತರಿಸಿರಿ. ತಿನಿಸಿನ ಪಟ್ಟಿಯಲ್ಲಿ ರಾಸಿಯೋನ್ ಎಂದಿದ್ದರೆ ಅದು ದೊಡ್ಡ ತಟ್ಟೆ.

ತಿನಿಸಿನ ವಿಷಯದಲ್ಲಿ ಎಚ್ಚರ ಬೇಕು. ತೋರ್ತಿಯಾ ಎಂಬುದು ಸ್ಪೇನಿನಲ್ಲಿ ರೊಟ್ಟಿಯಲ್ಲ, ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್. ಕ್ರೊಕೆಟಾ ಎಂಬ ಕರಿದ ತಿನಿಸಿನೊಳಗೆ ಹೆಚ್ಚಾಗಿ ಹಂದಿಮಾಂಸವಿರುತ್ತದೆ. ಪತಾತಾಸ್ ಬ್ರಾವಾಸ್ ಎಂದರೆ ಕರಿದ ಆಲೂಗಡ್ಡೆಗೆ ಖಾರದ ಸಾಸ್. ಆದರೆ ಸಾಸಿಗೆ ಮಾಂಸದ ಸಾರು ಬೆರೆತಿದೆಯೇ, ಮೇಲೆ ಸುರಿಯುವ ಅಯೋಲಿ ಎಂಬ ಬಿಳಿಯ ಬೆಳ್ಳುಳ್ಳಿ ಸಾಸಿನಲ್ಲಿ ಮೊಟ್ಟೆಯಿದೆಯೇ ಎಂದು ಕೇಳಲೇಬೇಕು. ಟೊಮೆಟೊ ಉಜ್ಜಿ ಆಲಿವ್ ಎಣ್ಣೆ ಹಾಕಿದ ಬ್ರೆಡ್, ಬೆಳ್ಳುಳ್ಳಿಯಲ್ಲಿ ಬಾಡಿಸಿದ ಅಣಬೆ, ಆಲಿವ್ ಕಾಯಿ, ಇಡಿಯಾಗಿ ಕರಿದು ಉಪ್ಪು ಉದುರಿಸಿದ ಪಾದ್ರೋನ್ ಎಂಬ ಪುಟ್ಟ ಹಸಿರು ಮೆಣಸಿನಕಾಯಿ ಸಾಮಾನ್ಯವಾಗಿ ನಿಮಗೆ ಸಲ್ಲುತ್ತವೆ. ಸಸ್ಯಾಹಾರ ಎಂದಷ್ಟೇ ಹೇಳಿದರೆ ಸಾಲದು. ಮಾಂಸ, ಮೀನು, ಮೊಟ್ಟೆ ಎಂದು ಒಂದೊಂದಾಗಿ ಹೆಸರಿಸಿ ಬೇಡವೆನ್ನಿ.

ಉತ್ತರ 2:
ಮಂಡಕ್ಕಿಯ ಹೋಲಿಕೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮಂಡಕ್ಕಿ ತಿಂದರೆ ಹೊಟ್ಟೆಯೂ ತುಂಬುತ್ತದೆ, ಜೇಬೂ ಉಳಿಯುತ್ತದೆ. ಸ್ಪೇನಿನಲ್ಲಿ ನೆಂಚಿಕೊಳ್ಳಲು ಕೊಡುವುದನ್ನು ಇಲ್ಲಿ ಊಟದ ಬೆಲೆಗೆ ಮಾರುವವರು ಮೊದಲೇ ವಿವರಿಸಬೇಕಿತ್ತು. ಎಂಜಲಿಗೆ ಮಾತ್ರ ಸುಲಭದ ಉಪಾಯವಿದೆ: ಪ್ರತಿ ತಟ್ಟೆಗೂ ಬೇರೆ ಚಮಚ ಕೇಳಿ ಪಡೆದು, ಯಾರೂ ಕೈಯಿಡುವ ಮೊದಲು ಹಿರಿಯರಿಗೆ ಬಡಿಸಿಬಿಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮಾವನವರಿಗೆ ಓದಿ ಹೇಳಿದೆ. ಮೊದಲು ಬಡಿಸುವುದಾದರೆ ಬರುತ್ತೇನೆ ಎಂದರು. ಆದರೆ ಕಡಲೆಹಿಟ್ಟಿಲ್ಲದ ಮೆಣಸಿನಕಾಯಿಯನ್ನು ಸ್ಪೇನಿನವರೇಕೆ ಕರಿಯುತ್ತಾರೆ ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.