2027 ಆಗಸ್ಟ್ 2ರ ಗ್ರಹಣ: ತಾರಸಿಯಿಂದ ಹದಿನೈದು ಮಕ್ಕಳಿಗೆ ತೋರಿಸುವುದು ಹೇಗೆ?

ತಾರಸಿಮನೆ:
ಬೆಂಗಳೂರು, ನಾಲ್ಕು ಮಹಡಿಯ ಅಪಾರ್ಟ್‌ಮೆಂಟ್. ಸೋಮವಾರ ಸಂಜೆಯ ಪಾರ್ಶ್ವ ಗ್ರಹಣವನ್ನು 15 ಮಕ್ಕಳಿಗೆ ತೋರಿಸಬೇಕು. 2019ರ ಡಿಸೆಂಬರ್ ಗ್ರಹಣಕ್ಕೆ ಕೊಂಡ ಐದು ಕಾಗದದ ಕನ್ನಡಕಗಳಿವೆ, ಈಗಲೂ ಬಳಸಬಹುದೇ? ತಟ್ಟೆಯಲ್ಲಿ ಅರಿಶಿನದ ನೀರಿಟ್ಟು ಬಿಂಬ ನೋಡಿದರೆ ಸಾಕು ಅನ್ನುತ್ತಾರೆ ಹಿರಿಯರು. ಎದುರಿಗೆ ಎತ್ತರದ ಕಟ್ಟಡವೂ ಇದೆ.

ಸೂಜಿರಂಧ್ರ:
ಮೊದಲು ಕಟ್ಟಡದ ವಿಷಯ. ಆ ದಿನ ಸೂರ್ಯ ನೇರ ಪಶ್ಚಿಮದಲ್ಲಿ ಇಳಿಯುವುದಿಲ್ಲ, 14ರಿಂದ 18 ಡಿಗ್ರಿ ಉತ್ತರಕ್ಕೆ ಸರಿದಿರುತ್ತಾನೆ. ಪಶ್ಚಿಮಕ್ಕೆ ಮುಖ ಮಾಡಿ ಕೈ ಚಾಚಿ ಮುಷ್ಟಿ ಹಿಡಿಯಿರಿ, ಒಂದು ಮುಷ್ಟಿ ಅಂದರೆ ಸುಮಾರು 10 ಡಿಗ್ರಿ. ಬಲಕ್ಕೆ ಒಂದೂವರೆ ಮುಷ್ಟಿ ಅಳೆಯಿರಿ. ಸಂಜೆ 5.20ಕ್ಕೆ ಎತ್ತರ ಎರಡು ಮುಷ್ಟಿಯಷ್ಟು. ಅಷ್ಟರೊಳಗೆ ಕಟ್ಟಡ ಅಡ್ಡ ಬಂದರೆ ಬೇರೆ ತಾರಸಿ ಹುಡುಕಿ. ತಾಲೀಮಿಗೆ ಮೇ 10–11 ಒಳ್ಳೆಯದು: ಸೂರ್ಯ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಇಳಿಯುತ್ತಾನೆ, ಗಡಿಯಾರದಲ್ಲಿ ಮಾತ್ರ ಹತ್ತು ನಿಮಿಷ ಮುಂಚೆ. ಆಗಸ್ಟ್ ಮಳೆಗಾಲ, ಮೋಡವನ್ನು ನಂಬುವಂತಿಲ್ಲ.

ಹದಿನೈದು ಮಕ್ಕಳಿಗೆ ಕನ್ನಡಕಕ್ಕಿಂತ ಕನ್ನಡಿಯೇ ಸರಿ. ಸಣ್ಣ ಕನ್ನಡಿಗೆ ಕಪ್ಪು ಕಾಗದ ಅಂಟಿಸಿ, ನಡುವೆ 6 ಮಿಲಿಮೀಟರ್ ತೂತು ಬಿಡಿ. ಪ್ಲಾಸ್ಟಿಕ್ ಚೆಂಡಿಗೆ ಮರಳು ತುಂಬಿ, ಅದರ ಮೇಲೆ ಕನ್ನಡಿ ಅಂಟಿಸಿ, ಬಟ್ಟಲಿನ ಬಾಯಿಯಲ್ಲಿ ಕೂರಿಸಿ. ಆಗ ಬೆರಳಿನಿಂದ ಬೇಕಾದತ್ತ ತಿರುಗಿಸಬಹುದು. ಬೆಳಕನ್ನು ಮೆಟ್ಟಿಲ ಕೋಣೆಯ ಕತ್ತಲ ಗೋಡೆಗೆ ಹಾಯಿಸಿ. ಬಿಂಬದ ವ್ಯಾಸ ದೂರದ 109ನೇ ಒಂದು ಭಾಗ: 12 ಮೀಟರಿಗೆ 11 ಸೆಂಟಿಮೀಟರ್. ತೂತು ದೊಡ್ಡದಾದರೆ ಅಂಚು ಕಲಸಿಹೋಗುತ್ತದೆ, ಚಿಕ್ಕದಾದರೆ ಬಿಂಬ ಮಂಕು. ಇಷ್ಟು ದೂರಕ್ಕೆ ಬಿಂಬ ನಿಮಿಷಕ್ಕೆ 5 ಸೆಂಟಿಮೀಟರ್ ಜರುಗುತ್ತದೆ, ಅದಕ್ಕೇ ಚೆಂಡು. ಕನ್ನಡಿಯ ಹತ್ತಿರ ದೊಡ್ಡವರೊಬ್ಬರು ನಿಂತೇ ಇರಬೇಕು. ಮಕ್ಕಳು ಬಗ್ಗಿ ಕನ್ನಡಿಯೊಳಗೆ ಇಣುಕಿದರೆ ಸೂರ್ಯನನ್ನೇ ನೋಡಿದಂತೆ.

ಅರ್ಧಬಿಂಬ:
ಅರಿಶಿನದ ನೀರು ಬೇಡ. ಬಣ್ಣ ನೀರಿನೊಳಗಿದೆ, ಸೂರ್ಯ ಹೊಳೆಯುವುದು ನೀರಿನ ಮೇಲ್ಮೈಯಲ್ಲಿ. ಎಷ್ಟು ಅರಿಶಿನ ಹಾಕಿದರೂ ಬಿಂಬದ ಪ್ರಖರತೆ ಕಡಿಮೆಯಾಗದು. ನಡುನೆತ್ತಿಯ ಸೂರ್ಯನ ಬೆಳಕಿನಲ್ಲಿ ನೀರು ಶೇಕಡಾ 2ರಷ್ಟು ಪ್ರತಿಫಲಿಸಿದರೆ, 20 ಡಿಗ್ರಿ ಎತ್ತರದ ಸಂಜೆ ಸೂರ್ಯನದನ್ನು ಶೇಕಡಾ 13ರಷ್ಟು. ಒಳ್ಳೆಯ ಕನ್ನಡಕ ಬಿಡುವುದು ಶೇಕಡಾ 0.0032ಕ್ಕಿಂತ ಕಡಿಮೆ. ಸಗಣಿ ನೀರಿಗೂ ಇದೇ ಲೆಕ್ಕ. ಎಕ್ಸ್‌ರೇ ಫಿಲ್ಮ್, ಮಸಿ ಹಿಡಿಸಿದ ಗಾಜು, ಎರಡು ಕೂಲಿಂಗ್ ಗ್ಲಾಸ್ ಒಟ್ಟಿಗೆ, ಯಾವುದೂ ಬೇಡ. ಕಣ್ಣಿಗೆ ಕಪ್ಪಾಗಿ ಕಂಡರೂ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಶಾಖದ ಕಿರಣ) ನುಗ್ಗುತ್ತಿರಬಹುದು. ರೆಟಿನಾಗೆ ನೋವು ಗೊತ್ತಾಗುವುದಿಲ್ಲ, ಸುಟ್ಟದ್ದು ತಿಳಿಯುವುದು ಗಂಟೆಗಳ ನಂತರ.

ಹಳೆಯ ಕನ್ನಡಕದ ಮೇಲೆ ಐಎಸ್‌ಒ 12312-2 (ಸೂರ್ಯನನ್ನು ನೋಡುವ ಕನ್ನಡಕಗಳ ಅಂತರರಾಷ್ಟ್ರೀಯ ಗುಣಮಟ್ಟ) ಎಂದಿದೆಯೇ ನೋಡಿ. ವರ್ಷ ಮುಖ್ಯವಲ್ಲ. ಗೀರು, ಸೂಜಿಮೊನೆಯಷ್ಟು ತೂತು, ಸುಕ್ಕು, ಕಾಗದದಿಂದ ಬಿಟ್ಟುಕೊಂಡ ಅಂಚು, ಯಾವುದೊಂದಿದ್ದರೂ ಕತ್ತರಿಸಿ ಬಿಸಾಡಿ. ಮನೆಯೊಳಗೆ ಹಾಕಿಕೊಂಡಾಗ ಟ್ಯೂಬ್‌ಲೈಟ್, ಕಿಟಕಿ, ಮೇಜು ಕಾಣಬಾರದು. ಮೊಬೈಲ್ ಟಾರ್ಚ್ ಹತ್ತಿರ ಹಿಡಿದರೆ ಮಂಕಾಗಿ ಕಂಡೀತು, ಅಷ್ಟೇ. ಈ ಪರೀಕ್ಷೆಯಲ್ಲಿ ಕೆಟ್ಟದ್ದು ಸಿಕ್ಕಿಬೀಳುತ್ತದೆ, ಆದರೆ ಪಾಸಾದದ್ದೆಲ್ಲ ಒಳ್ಳೆಯದೆಂದಲ್ಲ. ವೆಲ್ಡಿಂಗ್ ಗಾಜಾದರೆ 14ನೇ ನಂಬರೇ ಆಗಬೇಕು. ಅಂಗಡಿಯವರು 11 ಕೊಟ್ಟು «ಇದೂ ಕಪ್ಪೇ» ಅಂದರೆ ವಾಪಸ್ ಬನ್ನಿ.

ತಾರಸಿಮನೆ:
ಧನ್ಯವಾದ. ಕನ್ನಡಕ ಹಾಕಿಕೊಂಡು ಬೈನಾಕ್ಯುಲರ್‌ನಲ್ಲಿ ನೋಡಬಹುದೇ? ಮೋಡ ತೆಳುವಾಗಿದ್ದರೆ ಬರಿಗಣ್ಣು?

ಸೂಜಿರಂಧ್ರ:
ಎರಡೂ ಬೇಡ. ಬೈನಾಕ್ಯುಲರ್ ಒಟ್ಟುಮಾಡಿದ ಬಿಸಿಗೆ ಕನ್ನಡಕದ ಹಾಳೆ ತೂತಾಗಿ, ಬೆಳಕು ನೇರ ಕಣ್ಣಿಗೆ. ಫಿಲ್ಟರ್ ಇರಬೇಕಾದ್ದು ಸೂರ್ಯನ ಕಡೆಯ ಲೆನ್ಸ್ ಮುಂದೆ, ಗಾಳಿಗೆ ಬೀಳದಂತೆ ಟೇಪ್ ಸುತ್ತಿ. ಟೆಲಿಸ್ಕೋಪ್ ಜೊತೆ ಬರುವ, ಐಪೀಸ್‌ಗೆ (ಕಣ್ಣಿಡುವ ತುದಿಯ ಲೆನ್ಸ್‌ಗೆ) ತಿರುಗಿಸುವ ಸಣ್ಣ ಸನ್ ಫಿಲ್ಟರ್ ಬಿಸಿಗೆ ಸೀಳುತ್ತದೆ. ಅದು ಕೈಯಲ್ಲಿದ್ದರೆ ಇವತ್ತೇ ಎಸೆಯಿರಿ. ತೆಳು ಮೋಡದ ಹಿಂದಿನ ಸೂರ್ಯ ಹಿತವಾಗಿ ಕಾಣುವುದರಿಂದಲೇ ಜನ ಹೆಚ್ಚು ಹೊತ್ತು ನೋಡುತ್ತಾರೆ, ಮೋಡ ಸರಿಯುವುದು ಒಂದು ಕ್ಷಣದಲ್ಲಿ.

ಜೆಡ್ಡಾಕನ್ನಡಿಗ:
ಇಲ್ಲಿ ಅದೇ ದಿನ ಪೂರ್ಣ ಗ್ರಹಣ. ಪೂರ್ತಿ ಮುಚ್ಚಿದ ನಿಮಿಷಗಳಲ್ಲಿ ಮಾತ್ರ ಕನ್ನಡಕ ತೆಗೆಯಬಹುದು. ಬೆಂಗಳೂರಿನಲ್ಲಿ ಆ ಘಳಿಗೆ ಬರುವುದೇ ಇಲ್ಲ, ಹಾಗಾಗಿ ಮೊದಲಿಂದ ಕೊನೆತನಕ ಕನ್ನಡಕ. ಇಲ್ಲಿನ ವಿಡಿಯೋ ನೋಡಿ ಅಲ್ಲಿನ ಮಕ್ಕಳು ಕನ್ನಡಕ ತೆಗೆಯದಂತೆ ಮೊದಲೇ ಹೇಳಿಡಿ.

ಅರ್ಧಬಿಂಬ:
ಒಂದು ಸೇರಿಕೆ. ಪಿನ್‌ಹೋಲ್ ಡಬ್ಬ (ಒಂದು ತುದಿಯ ಸಣ್ಣ ತೂತಿನಿಂದ ಬಿಂಬವನ್ನು ಇನ್ನೊಂದು ತುದಿಯಲ್ಲಿ ಬೀಳಿಸುವ ಡಬ್ಬ) ಮಾಡುವುದಾದರೆ ರಟ್ಟಿಗೆ ತೂತು ಹೊಡೆಯಬೇಡಿ, ಅಂಚು ದಪ್ಪ. ಅಡುಗೆ ಫಾಯಿಲ್‌ಗೆ ಸೂಜಿಯಿಂದ 1 ಮಿಲಿಮೀಟರ್ ತೂತು, ಒಂದು ಮೀಟರ್ ಉದ್ದದ ಡಬ್ಬ, 9 ಮಿಲಿಮೀಟರ್ ಬಿಂಬ. ಸೂರ್ಯ ಬೆನ್ನ ಹಿಂದೆ ಇರಲಿ. ಹೆಚ್ಚಿನವರು ತಪ್ಪುವುದು ಇಲ್ಲೇ: ತೂತಿನ ಮೂಲಕ ಸೂರ್ಯನ ಕಡೆಗೇ ನೋಡುತ್ತಾರೆ.